ಭೇದಿಯಾದಾಗ ಬರೀ ನೀರು ಕುಡಿಸಿದರೆ ಸೋಡಿಯಂ ಇಳಿಯುವುದೇಕೆ? ಓಆರ್‌ಎಸ್‌ನಲ್ಲಿ ಸಕ್ಕರೆಗೇನು ಕೆಲಸ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ ತಾಯಿಗೆ 68 ವರ್ಷ. ಬಿಪಿಗೂ ಶುಗರ್‌ಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಇತ್ತೀಚೆಗೆ ಎರಡು ದಿನ ವಿಪರೀತ ಭೇದಿಯಾಯಿತು. ನೀರಿನಂಶ ಕಡಿಮೆಯಾಗಬಾರದೆಂದು ನಾನೇ ಪಕ್ಕದಲ್ಲಿ ಕೂತು ನೀರು ಕುಡಿಸುತ್ತಲೇ ಇದ್ದೆ. ಓಆರ್‌ಎಸ್‌ನಲ್ಲಿ ಸಕ್ಕರೆ ಇರುತ್ತದಲ್ಲ, ಅವರಿಗೆ ಆಗಿಬರುವುದಿಲ್ಲ ಎಂದು ಅದನ್ನು ಕೊಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಅಮ್ಮ ನನ್ನನ್ನೇ "ನೀನ್ಯಾರು?" ಅಂತ ಕೇಳಿದರು. ಆಸ್ಪತ್ರೆಯಲ್ಲಿ ಸೋಡಿಯಂ 121 ಎಂದು ಬಂತು. ಉಪ್ಪು ಕಡಿಮೆಯಿದ್ದರೆ ಉಪ್ಪು ಕೊಟ್ಟು ಒಂದೇ ದಿನದಲ್ಲಿ ಸರಿಮಾಡಬಹುದಿತ್ತು. ಆಸ್ಪತ್ರೆಯವರು ಮೂರು ದಿನ ಎಳೆದರು. ಈಗ ಅಮ್ಮ ಚೆನ್ನಾಗಿದ್ದಾರೆ. ಆದರೆ ಅಷ್ಟು ನೀರು ಕುಡಿಸಿದ್ದೇ ತಪ್ಪಾಯಿತೇ ಎಂದು ನನಗೆ ನಿದ್ದೆ ಬರುತ್ತಿಲ್ಲ. ಸಂಬಂಧಿಯೊಬ್ಬರು "ಮಾಮೂಲಿ ನೀರು ಜೀವಕೋಶದೊಳಗೆ ಹೋಗುವುದಿಲ್ಲ, ಸಣ್ಣ ಗೊಂಚಲಿನ ಕ್ಷಾರೀಯ ನೀರು ಕೊಡುವ ಯಂತ್ರ ಕೊಳ್ಳಿ" ಎಂದು ಒತ್ತಾಯಿಸುತ್ತಿದ್ದಾರೆ. ಮುಂದೆ ಹೀಗಾದರೆ ಓಆರ್‌ಎಸ್ ಪುಡಿಯನ್ನು ಗಟ್ಟಿಯಾಗಿ ಕಲಸಿಕೊಟ್ಟರೆ ಬೇಗ ಗುಣವಾಗುತ್ತದೆಯೇ? ಸಕ್ಕರೆ ಬಿಟ್ಟು ಬರೀ ಉಪ್ಪುನೀರು ಕೊಡಬಹುದೇ? ವಿವರವಾಗಿ ಹೇಳಿದರೂ ಓದುತ್ತೇನೆ.

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಚಾರ. ಭೇದಿಯಾದವರಿಗೆ ದ್ರವ ಕುಡಿಸಬೇಕು ಎಂದು ನೀವು ಅಂದುಕೊಂಡದ್ದು ಸರಿ. ಕೊಟ್ಟ ದ್ರವದಲ್ಲಿ ಉಪ್ಪು ಇರಲಿಲ್ಲ, ಅಷ್ಟೇ. ಅದರ ಜೊತೆಗೆ ನಿಮ್ಮ ಗಮನಕ್ಕೆ ಬರಲು ಸಾಧ್ಯವೇ ಇರದಿದ್ದ ಇನ್ನೂ ಒಂದೆರಡು ಸಂಗತಿಗಳು ಸೇರಿಕೊಂಡಿರಬಹುದು. ಅವುಗಳಲ್ಲೊಂದು ಬಿಪಿ ಮಾತ್ರೆಯೇ ಆಗಿರಬಹುದು. ಅಲ್ಲಿಗೆ ಬರುತ್ತೇನೆ. ನಿಮ್ಮ ಎಲ್ಲ ಪ್ರಶ್ನೆಗಳೂ ಕೊನೆಗೆ ಬಂದು ನಿಲ್ಲುವುದು ಒಂದೇ ಜಾಗದಲ್ಲಿ: ಜೀವಕೋಶದ ಪೊರೆಯನ್ನು ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ, ದಾಟುವುದಕ್ಕೆ ಯಾರ ನೆರವು ಬೇಕು?

ಪೊರೆ ಎಂದರೆ ಎರಡು ಸಾಲು ಕೊಬ್ಬಿನ ಅಣುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹಾಳೆ. ದಪ್ಪ ಸುಮಾರು 5 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದ ಒಂದು ಪಾಲು. ಎರಡು ಸಾಲು ಎಂಬುದು 1925ರಲ್ಲೇ ಗೊತ್ತಾಯಿತು. ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಕೆಂಪು ರಕ್ತಕಣಗಳಿಂದ ಕೊಬ್ಬನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಅಣುವಿನ ಪದರವಾಗಿ ಹರಡಿ ಅಳೆದರು; ಆ ಕಣಗಳ ಮೇಲ್ಮೈಯ ಎರಡರಷ್ಟು ಜಾಗ ತುಂಬಿತು. ಈ ಕೊಬ್ಬಿನ ಹಾಳೆಯ ಮುಂದೆ ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಸ್ಟಿರಾಯ್ಡ್ ಹಾರ್ಮೋನುಗಳು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಸೀದಾ ದಾಟುತ್ತವೆ. ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡಿಕೊಳ್ಳುತ್ತವೆ, ಮುಗಿಯಿತು. ಆದರೆ ಸೋಡಿಯಂ, ಪೊಟ್ಯಾಸಿಯಂನಂಥ ವಿದ್ಯುದಾವೇಶವುಳ್ಳ ಕಣಗಳಿಗೆ ಈ ಹಾಳೆ ಬಹುಮಟ್ಟಿಗೆ ಗೋಡೆಯೇ ಸರಿ. ಗ್ಲೂಕೋಸ್ ಅಣುವಿಗೂ ಅದೇ ಗತಿ. ಅವು ದಾಟಬೇಕಾದರೆ ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನುಗಳೇ ದಾರಿ ಮಾಡಿಕೊಡಬೇಕು.

ಇನ್ನು ನೀರು. ನಿಮ್ಮ ಸಂಬಂಧಿ ಹೇಳಿದ್ದು ತಪ್ಪಾಗುವುದು ಇಲ್ಲೇ. ನೀರು ಸ್ವಲ್ಪ ಮಟ್ಟಿಗೆ ಕೊಬ್ಬಿನ ಹಾಳೆಯ ಮೂಲಕವೇ ನುಸುಳುತ್ತದೆ; ಜೊತೆಗೆ ಅದಕ್ಕೆಂದೇ ಅಕ್ವಾಪೊರಿನ್ ಎಂಬ ಪ್ರೋಟೀನ್ ನಾಳಗಳಿವೆ. ಪೀಟರ್ ಆಗ್ರೆ ಎಂಬ ವಿಜ್ಞಾನಿ 1992ರಲ್ಲಿ ಇದನ್ನು ತೋರಿಸಿದ ಬಗೆ ಬಹಳ ಸರಳ. ಕಪ್ಪೆಯ ಅಂಡಾಣುಗಳಿಗೆ ಈ ಪ್ರೋಟೀನ್ ತಯಾರಿಸುವ ಸಂದೇಶವನ್ನು ಚುಚ್ಚಿ, ಉಪ್ಪು ಕಡಿಮೆಯಿರುವ ನೀರಿಗೆ ಬಿಟ್ಟರು. ಅವು ಊದಿ ಒಡೆದುಹೋದವು. ಚುಚ್ಚದೆ ಬಿಟ್ಟ ಅಂಡಾಣುಗಳು ಹೆಚ್ಚುಕಡಿಮೆ ಹಾಗೆಯೇ ಉಳಿದವು. 2003ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಒಂದೊಂದು ನಾಳದಲ್ಲೂ ಸೆಕೆಂಡಿಗೆ ನೂರು ಕೋಟಿಗೂ ಮಿಕ್ಕಿ ನೀರಿನ ಅಣುಗಳು ಹಾಯುತ್ತವೆ, ಅದೂ ಒಂದರ ಹಿಂದೆ ಒಂದು, ಒಂಟಿ ಸಾಲಿನಲ್ಲಿ. ಹೀಗಿರುವಾಗ "ಸಣ್ಣ ಗೊಂಚಲಿನ ನೀರು" ಎಂಬ ಮಾತಿಗೆ ಅರ್ಥವೇ ಇಲ್ಲ. ನೀರಿನ ಅಣುಗಳ ಗೊಂಚಲು ದೊಡ್ಡದಿರಲಿ ಸಣ್ಣದಿರಲಿ, ನಾಳದ ಬಾಯಿಗೆ ಬಂದ ಮೇಲೆ ಅಣುಗಳು ಒಂದೊಂದಾಗಿಯೇ ಒಳಹೋಗಬೇಕು. ಅಷ್ಟಕ್ಕೂ ನೀರಿನ ಅಣುಗಳ ನಡುವಿನ ಬಂಧ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನ ಆಸುಪಾಸಿನಲ್ಲಿ ಬಿಟ್ಟು ಮತ್ತೆ ಕೂಡಿಕೊಳ್ಳುತ್ತಲೇ ಇರುತ್ತದೆ. ಯಂತ್ರದಿಂದ ಲೋಟಕ್ಕೆ, ಲೋಟದಿಂದ ಬಾಯಿಗೆ ಬರುವವರೆಗೆ ಯಾವ ಗೊಂಚಲೂ ಉಳಿಯುವುದಿಲ್ಲ. ಕ್ಷಾರೀಯ ಗುಣವನ್ನು ಜಠರದ ಆಮ್ಲ ನೋಡಿಕೊಳ್ಳುತ್ತದೆ. ಕೆಂಪು ರಕ್ತಕಣವೊಂದರ ಒಳಗಿನ ನೀರು ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹೊತ್ತಿನಲ್ಲೇ ಹೊರಗಿನ ನೀರಿನೊಂದಿಗೆ ಅದಲುಬದಲಾಗುತ್ತದೆ. ನೀರು ಒಳಗೆ ಹೋಗುತ್ತಿಲ್ಲ ಎಂಬ ಕಾಯಿಲೆ ನಿಮ್ಮ ತಾಯಿಗೆ ಇರಲಿಲ್ಲ. ಬೇಡದಷ್ಟು ಒಳಗೆ ಹೋದದ್ದೇ ತೊಂದರೆಯಾಯಿತು. ಯಂತ್ರದ ದುಡ್ಡು ಉಳಿಸಿಕೊಳ್ಳಿ.

ನೀರಿಗೆ ದಾರಿ ಇದೆ, ಆದರೆ ಅದನ್ನು ಎಳೆದು ತರುವ ಪಂಪು ದೇಹದಲ್ಲಿ ಎಲ್ಲೂ ಇಲ್ಲ. ಪೊರೆಯ ಎರಡು ಬದಿಗಳಲ್ಲಿ ಕರಗಿದ ಪದಾರ್ಥ ಎಲ್ಲಿ ಹೆಚ್ಚಿದೆಯೋ ನೀರು ಅತ್ತ ಹೋಗುತ್ತದೆ. ಶಾಲೆಯಲ್ಲಿ ಅಭಿಸರಣೆ ಎಂದು ಓದಿದ್ದು ಇದನ್ನೇ. ನಾನು ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡುವುದಕ್ಕಿಂತ ತೋರಿಸುವುದೇ ಹೆಚ್ಚು. ಮೂರು ಗಾಜಿನ ನಳಿಗೆಗಳು: ಒಂದರಲ್ಲಿ ಶೇ. 0.9 ಉಪ್ಪಿನ ದ್ರಾವಣ, ಇನ್ನೊಂದರಲ್ಲಿ ಬಟ್ಟಿ ಇಳಿಸಿದ ನೀರು, ಮೂರನೆಯದರಲ್ಲಿ ಗಟ್ಟಿ ಉಪ್ಪುನೀರು. ಎಲ್ಲಕ್ಕೂ ಒಂದೊಂದು ಹನಿ ರಕ್ತ. ಮೊದಲನೆಯದು ಮಂಜುಗಟ್ಟಿದ ಹಾಗೆ ಕೆಂಪಾಗಿ ನಿಲ್ಲುತ್ತದೆ. ಅದರ ಹಿಂದೆ ಅಚ್ಚಿನ ಹಾಳೆ ಹಿಡಿದರೆ ಅಕ್ಷರ ಕಾಣುವುದಿಲ್ಲ. ಎರಡನೆಯದು ನೋಡನೋಡುತ್ತಲೇ ತಿಳಿಯಾಗಿ, ಕೆಂಪು ಗಾಜಿನಂತೆ ಪಾರದರ್ಶಕವಾಗುತ್ತದೆ. ಹಿಂದಿನ ಅಕ್ಷರ ಓದಬಹುದು. ಬೆಳಕನ್ನು ಚದುರಿಸುವ ಕಣಗಳೇ ಅಲ್ಲಿ ಉಳಿದಿಲ್ಲ. ನೀರು ನುಗ್ಗಿ ಎಲ್ಲವೂ ಒಡೆದಿವೆ. ಮೂರನೆಯದರ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕಣಗಳು ನೀರು ಕಳೆದುಕೊಂಡು ಸುತ್ತ ಮುಳ್ಳೆದ್ದಂತೆ ಮುದುಡಿರುತ್ತವೆ. ಶೇ. 0.9 ಎಂಬ ಆಸ್ಪತ್ರೆಯ ಸಲೈನಿನ ಲೆಕ್ಕ ಬಂದಿರುವುದು ಈ ಸಮತೂಕದಿಂದಲೇ.

ನಿಮ್ಮ ತಾಯಿಯ ರಕ್ತ ಎರಡನೇ ನಳಿಗೆಯ ಮಟ್ಟಕ್ಕೆ ಹೋಗಿರಲಿಲ್ಲ, ಆದರೆ ಆ ದಿಕ್ಕಿಗೆ ಸರಿದಿತ್ತು. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ) ಇರಬೇಕು. 121ಕ್ಕೆ ಇಳಿದಾಗ ರಕ್ತಕ್ಕಿಂತ ಕೋಶಗಳ ಒಳಗೆ ಕರಗಿದ ಪದಾರ್ಥ ಹೆಚ್ಚಾಗಿ, ನೀರು ಅತ್ತ ಹೊರಡುತ್ತದೆ. ಸ್ನಾಯುವಿನ ಕೋಶ ತುಸು ಊದಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಿದುಳು ತಲೆಬುರುಡೆಯೊಳಗೆ ಬಂಧಿ, ಊದುವುದಕ್ಕೆ ಜಾಗವಿಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ "ನೀನ್ಯಾರು?", ಇನ್ನೂ ಇಳಿದರೆ ಫಿಟ್ಸ್.

ಆದರೆ ಆರೋಗ್ಯವಂತ ಮೂತ್ರಪಿಂಡ ಹೆಚ್ಚಾದ ನೀರನ್ನು ಹೊರಹಾಕಬೇಕಿತ್ತಲ್ಲ? ಅದಕ್ಕೆ ಗಂಟೆಗೆ ಮುಕ್ಕಾಲು ಲೀಟರಿನ ಮೇಲೆ ಹಾಕುವ ತಾಕತ್ತು ಇರುತ್ತದೆ. ಭೇದಿಯಲ್ಲಿ ನೀರೂ ಉಪ್ಪೂ ಹೋಗಿ ರಕ್ತದ ಪ್ರಮಾಣ ತಗ್ಗಿದಾಗ ಮಿದುಳು ವಾಸೊಪ್ರೆಸಿನ್ ಎಂಬ ಹಾರ್ಮೋನ್ ಬಿಡುತ್ತದೆ. ಮೂತ್ರಪಿಂಡದ ಕೊನೆಯ ನಾಳಗಳ ಕೋಶಗಳಲ್ಲಿ ಅಕ್ವಾಪೊರಿನ್ ತುಂಬಿದ ಪುಟ್ಟ ಚೀಲಗಳು ಮೊದಲೇ ತಯಾರಿರುತ್ತವೆ. ಹಾರ್ಮೋನ್ ತಲುಪಿದೊಡನೆ ಅವು ಪೊರೆಗೆ ಬಂದು ಬೆರೆತುಕೊಳ್ಳುತ್ತವೆ, ಮೂತ್ರಕ್ಕೆ ಹೋಗುತ್ತಿದ್ದ ನೀರು ವಾಪಸ್ ರಕ್ತಕ್ಕೆ ಬರುತ್ತದೆ. ರಕ್ತದೊತ್ತಡ ಉಳಿಸಲು ದೇಹ ಮಾಡುವ ಉಪಾಯ ಇದು. ಅದೇ ಹೊತ್ತಿಗೆ ನಾವು ಉಪ್ಪಿಲ್ಲದ ನೀರು ಕುಡಿಸುತ್ತಾ ಹೋದರೆ ಬಂದ ನೀರೆಲ್ಲ ಒಳಗೇ ಉಳಿದು ರಕ್ತ ತೆಳ್ಳಗಾಗುತ್ತದೆ.

ಇದಕ್ಕೆ ಬಿಪಿ ಮಾತ್ರೆ ಸೇರಿರಬಹುದು ಎಂದೆ. ಥಯಾಜೈಡ್ ಗುಂಪಿನ ಮಾತ್ರೆಗಳು (ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್) ಮೂತ್ರಪಿಂಡದ ಪೊರೆಯಲ್ಲಿ ಸೋಡಿಯಂ-ಕ್ಲೋರೈಡನ್ನು ಹಿಂದಕ್ಕೆ ಹೊತ್ತುತರುವ ಪ್ರೋಟೀನನ್ನೇ ತಡೆಯುತ್ತವೆ. ಬಿಪಿ ಇಳಿಸಲು ಒಳ್ಳೆಯ ಔಷಧಗಳೇ, ನಾನೂ ಬರೆಯುತ್ತೇನೆ. ಆದರೆ ವಯಸ್ಸಾದ, ತೆಳ್ಳಗಿನ ಹೆಂಗಸರಲ್ಲಿ ಸೋಡಿಯಂ ಇಳಿಸುವ ಔಷಧಗಳ ಪಟ್ಟಿ ಮಾಡಿದರೆ ಇವು ಮೇಲ್ಗಡೆಯೇ ಬರುತ್ತವೆ. ಎರಡೆರಡು ಔಷಧ ಸೇರಿಸಿದ ಬಿಪಿ ಮಾತ್ರೆಗಳಲ್ಲಿ ಇದು ಎರಡನೇ ಹೆಸರಾಗಿ ಸಣ್ಣಕ್ಷರದಲ್ಲಿ ಕೂತಿರುತ್ತದೆ. ಸ್ಟ್ರಿಪ್ಪನ್ನು ಒಮ್ಮೆ ತಿರುಗಿಸಿ ನೋಡಿ.

ಈಗ ಸಕ್ಕರೆ. ಓಆರ್‌ಎಸ್‌ನಲ್ಲಿರುವ ಗ್ಲೂಕೋಸ್ ಶಕ್ತಿಗಾಗಿ, ಇಲ್ಲವೇ ರುಚಿಗಾಗಿ ಎಂದು ಅನೇಕರು ತಿಳಿದಿದ್ದಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಬಾಯಲ್ಲೂ ಕೇಳಿದ್ದೇನೆ. ಅದರ ನಿಜವಾದ ಕೆಲಸ ಸೋಡಿಯಂಗೆ ದಾರಿ ತೆರೆಯುವುದು. ಸಣ್ಣ ಕರುಳಿನ ಒಳಗೋಡೆಯ ಒಂದೇ ಒಂದು ಕೋಶವನ್ನು ಹತ್ತಿರದಿಂದ ನೋಡೋಣ. ಅದರ ಒಂದು ಮುಖ ಕರುಳಿನೊಳಗಿನ ದ್ರವಕ್ಕೆ, ಹಿಂಬದಿ ರಕ್ತದ ಕಡೆಗೆ. ಹಿಂಬದಿಯ ಪೊರೆಯಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪು ಹಗಲಿರುಳು ಓಡುತ್ತಿರುತ್ತದೆ: ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. 1957ರಲ್ಲಿ ಯೆನ್ಸ್ ಸ್ಕೌ ಎಂಬ ವಿಜ್ಞಾನಿ ಇದನ್ನು ಏಡಿಯ ನರಗಳಲ್ಲಿ ಕಂಡುಹಿಡಿದರು. ನೊಬೆಲ್ ಬರಲು 40 ವರ್ಷ ಕಾಯಬೇಕಾಯಿತು. ನಾವು ಸುಮ್ಮನೆ ಮಲಗಿರುವಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲನ್ನು ಈ ಪಂಪುಗಳೇ ನುಂಗುತ್ತವೆ. ಇವು ಹೀಗೆ ಎತ್ತಿ ಎತ್ತಿ ಹಾಕುವುದರಿಂದಲೇ ಕೋಶದೊಳಗೆ ಸೋಡಿಯಂ 10-15 ಮಿಲಿಮೋಲ್‌ನಷ್ಟು ಕಡಿಮೆ, ಹೊರಗೆ 140ರಷ್ಟು ಹೆಚ್ಚು. ಅಂದರೆ ಸೋಡಿಯಂ ಸದಾ ಒಳನುಗ್ಗಲು ತುದಿಗಾಲಲ್ಲಿ ನಿಂತಿರುತ್ತದೆ.

ಕರುಳಿನ ಕಡೆಯ ಪೊರೆಯಲ್ಲಿರುವುದು ಎಸ್‌ಜಿಎಲ್‌ಟಿ1 ಎಂಬ ವಾಹಕ, ಅಂದರೆ ಕಣಗಳನ್ನು ಹೊತ್ತು ದಾಟಿಸುವ ಪ್ರೋಟೀನ್. ಇದರ ಬಾಯಿ ಹೊರಗೆ ತೆರೆದಿದ್ದಾಗ ಎರಡು ಸೋಡಿಯಂ ಬಂದು ಕೂರುತ್ತವೆ, ಆಗ ಗ್ಲೂಕೋಸ್ ಕೂರುವ ಜಾಗ ಸಿದ್ಧವಾಗುತ್ತದೆ, ಒಂದು ಗ್ಲೂಕೋಸ್ ಬಂದು ಸೇರುತ್ತದೆ. ಕೂಡಲೇ ಪ್ರೋಟೀನ್ ಮಗುಚಿ ಬಾಯಿಯನ್ನು ಒಳಗೆ ತೆರೆದು ಮೂರನ್ನೂ ಇಳಿಸುತ್ತದೆ. ಬ್ಯಾಂಕಿನ ಲಾಕರಿಗೆ ನಿಮ್ಮ ಕೀಲಿಯೂ ಬೇಕು, ಮ್ಯಾನೇಜರ ಕೀಲಿಯೂ ಬೇಕು ಅನ್ನುವ ಹಾಗೆ. ಒಂದೇ ಇದ್ದರೆ ಬಾಗಿಲು ತೆರೆಯದು. ಒಳಬಂದ ಗ್ಲೂಕೋಸ್ ಹಿಂಬದಿಯಲ್ಲಿರುವ ಇನ್ನೊಂದು ವಾಹಕದ ಮೂಲಕ, ಯಾವ ಖರ್ಚೂ ಇಲ್ಲದೆ, ರಕ್ತದ ಕಡೆಗೆ ಇಳಿದುಹೋಗುತ್ತದೆ. ಸೋಡಿಯಮ್ಮನ್ನು ಪಂಪು ಹೊರದಬ್ಬುತ್ತದೆ. ಹೀಗೆ ಹಿಂಬದಿಯಲ್ಲಿ ಕರಗಿದ ಪದಾರ್ಥ ಹೆಚ್ಚಾದಂತೆ ಕರುಳಿನ ನೀರು ಕೋಶಗಳ ಮೂಲಕವೂ ಅವುಗಳ ನಡುವಿನ ಸಂದಿಗಳಿಂದಲೂ ಅದರ ಬೆನ್ನು ಹತ್ತುತ್ತದೆ. ಆರೋಗ್ಯವಂತರ ಕರುಳಿಗೆ ದಿನಕ್ಕೆ ಸುಮಾರು 9 ಲೀಟರ್ ದ್ರವ ಬರುತ್ತದೆ. ನಾವು ಕುಡಿದದ್ದು ಅದರಲ್ಲಿ 2 ಲೀಟರಿನಷ್ಟು, ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸಗಳಂಥ ನಮ್ಮದೇ ಸ್ರಾವ. ಮಲದಲ್ಲಿ ಹೋಗುವುದು 100-200 ಮಿಲಿ ಮಾತ್ರ. ಈ ವಾಪಸಾತಿ ಸ್ವಲ್ಪ ಏರುಪೇರಾದರೂ ಲೀಟರುಗಟ್ಟಲೆ ಹೊರಗೆ.

ಭೇದಿಯ ಅತಿ ಭೀಕರ ರೂಪವಾದ ಕಾಲರಾದಲ್ಲಿ ಏನಾಗುತ್ತದೆ ಎಂದರೆ, ಅದರ ವಿಷ ಕೋಶದೊಳಗೆ ಒಂದು ಸಂಕೇತವನ್ನು ಆನ್ ಮಾಡಿ ಹಾಗೇ ಬಿಟ್ಟುಬಿಡುತ್ತದೆ. ಕ್ಲೋರೈಡ್ ನಾಳಗಳು ತೆರೆದೇ ಉಳಿದು ಕ್ಲೋರೈಡ್, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು ಕರುಳಿಗೆ ಸುರಿಯುತ್ತವೆ. ಉಪ್ಪನ್ನು ಹೀರುವ ಮಾಮೂಲಿ ದಾರಿಗಳೂ ಕುಗ್ಗುತ್ತವೆ. ಎಸ್‌ಜಿಎಲ್‌ಟಿ1 ಮಾತ್ರ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತಿರುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ದಾಟುತ್ತವೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನ ಸಭೆಯೊಂದರಲ್ಲಿ ಮಂಡಿಸಿದ್ದರು. ಆ ದಶಕ ಮುಗಿಯುವುದರೊಳಗೆ, 1968ರಲ್ಲಿ, ನ್ಯಾಲಿನ್ ಮತ್ತು ಕ್ಯಾಶ್ ಢಾಕಾದಲ್ಲಿ ಕಾಲರಾ ರೋಗಿಗಳಿಗೆ ಇಂಥ ದ್ರಾವಣ ಕುಡಿಸಿ ಗೆದ್ದರು. 1971ರ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ಪುಡಿಯ ಪೊಟ್ಟಣ ಮಾಡಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ನೆನಪಿಡಿ, ಅಲ್ಲಿ ಕುಡಿಸಿದವರು ನಿಮ್ಮಂಥವರೇ.

ಹಾಗಾಗಿ ಸಕ್ಕರೆ ಬಿಟ್ಟು ಬರೀ ಉಪ್ಪುನೀರು ಕೊಟ್ಟರೆ ಆ ದಾರಿ ಮುಚ್ಚಿಯೇ ಇರುತ್ತದೆ. ಶುಗರ್‌ನವರಿಗೆಂದು ಮಾರುವ ಕೃತಕ ಸಿಹಿ ಹಾಕಿದರೂ ಉಪಯೋಗವಿಲ್ಲ. ನಾಲಗೆ ಮೋಸಹೋಗುತ್ತದೆ, ವಾಹಕ ಹೋಗುವುದಿಲ್ಲ. ಶುಗರ್ ಏರುವ ಭಯಕ್ಕೆ ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2002ರಿಂದೀಚಿನ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇದೆ. 200 ಮಿಲಿ ಲೋಟಕ್ಕೆ 2.7 ಗ್ರಾಂ, ಒಂದು ಟೀ ಚಮಚವೂ ಅಲ್ಲ. ನೀರಿನಂಶ ಕಡಿಮೆಯಾದರೆ ಶುಗರ್ ಇದಕ್ಕಿಂತ ಹೆಚ್ಚು ಏರಬಹುದು. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಭೇದಿಯ ದಿನಗಳಲ್ಲಿ ನಾಲ್ಕಾರು ಗಂಟೆಗೊಮ್ಮೆ ನೋಡಿ, ಆದರೆ ಓಆರ್‌ಎಸ್ ತಪ್ಪಿಸಬೇಡಿ.

ಗಟ್ಟಿಯಾಗಿ ಕಲಸುವುದು ಮಾತ್ರ ಖಂಡಿತ ಬೇಡ. ಈಗಿನ ಸೂತ್ರದಲ್ಲಿ, ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ, ಸೋಡಿಯಂ 75, ಗ್ಲೂಕೋಸ್ 75, ಕರಗಿದ್ದೆಲ್ಲ ಸೇರಿ ಒಟ್ಟು ಸಾಂದ್ರತೆ 245. ಹಳೆಯದರಲ್ಲಿ ಒಟ್ಟು 311 ಇತ್ತು. ರಕ್ತದ ಸಾಂದ್ರತೆ 285ರ ಸುಮಾರು. ಬೇಕೆಂದೇ ರಕ್ತಕ್ಕಿಂತ ತುಸು ತೆಳುವಾಗಿ ಮಾಡಿದ್ದಾರೆ, ನೀರು ಕರುಳಿನಿಂದ ರಕ್ತದತ್ತ ಸರಾಗವಾಗಿ ಹೋಗಲಿ ಎಂದು. ಒಂದು ಲೀಟರಿನ ಪುಡಿಯನ್ನು ಅರ್ಧ ಲೀಟರಿಗೆ ಹಾಕಿದರೆ ಸಾಂದ್ರತೆ 490. ಮೂರನೇ ನಳಿಗೆಯಲ್ಲಾದಂತೆ ನೀರು ರಕ್ತದಿಂದ ಕರುಳಿಗೆ ಬರುತ್ತದೆ, ಭೇದಿ ಹೆಚ್ಚುತ್ತದೆ. ಸಿಹಿ ಪಾನೀಯ, ಹಣ್ಣಿನ ರಸಗಳ ಪೆಟ್ಟಿಗೆಗಳದ್ದೂ ಇದೇ ತೊಂದರೆ: ಸಕ್ಕರೆ ವಿಪರೀತ, ಸೋಡಿಯಂ ಅತ್ಯಲ್ಪ. ಓಆರ್‌ಎಸ್‌ನಂತೆಯೇ ಕಾಣುವ ಬಣ್ಣದ ಪೆಟ್ಟಿಗೆಗಳನ್ನು ಕೊಳ್ಳುವ ಮುನ್ನ 75, 75, 245 ಎಂಬ ಮೂರು ಅಂಕಿಗಳನ್ನು ಲೇಬಲ್ಲಿನಲ್ಲಿ ಹುಡುಕಿ. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಹಾಕಿ; ಲೀಟರಿನ ಪೊಟ್ಟಣವೂ ಇದೆ, 200 ಮಿಲಿಯ ಪೊಟ್ಟಣವೂ ಇದೆ, ಇವೆರಡರ ಗೊಂದಲದಿಂದ ತೊಂದರೆಯಾದವರನ್ನು ನೋಡಿದ್ದೇನೆ. ಕಲಸಿದ್ದು 24 ಗಂಟೆಯ ಮೇಲೆ ಬೇಡ. ಹೃದಯ ಅಥವಾ ಮೂತ್ರಪಿಂಡದ ವೈಫಲ್ಯ ಇರುವವರಿಗೆ ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿಯೇ ಕೊಡಬೇಕು, ಏಕೆಂದರೆ ಇದರಲ್ಲಿ ಸೋಡಿಯಂ ಜೊತೆಗೆ ಪೊಟ್ಯಾಸಿಯಂ ಕೂಡ ಇದೆ.

ಮೂರು ದಿನ ಎಳೆದರು ಎಂದು ಬರೆದಿದ್ದೀರಿ. ನಿಮ್ಮ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಅನಿಸುತ್ತದೆ. ಆದರೆ ಸೋಡಿಯಂ ಇಳಿದು ಒಂದೆರಡು ದಿನ ಕಳೆದರೆ ಮಿದುಳಿನ ಕೋಶಗಳು ಊತ ತಗ್ಗಿಸಿಕೊಳ್ಳಲು ತಮ್ಮೊಳಗಿನ ಪೊಟ್ಯಾಸಿಯಂ ಮತ್ತಿತರ ಕರಗಿದ ಪದಾರ್ಥಗಳನ್ನು ಹೊರಚೆಲ್ಲಿ ಹೊಂದಿಕೊಂಡುಬಿಟ್ಟಿರುತ್ತವೆ. ಆಗ ರಕ್ತದ ಸೋಡಿಯಮ್ಮನ್ನು ಒಮ್ಮೆಲೇ ಏರಿಸಿದರೆ ನೀರು ರಭಸದಿಂದ ಹೊರಬಂದು ಕೋಶಗಳು ಕುಗ್ಗುತ್ತವೆ, ನರತಂತುಗಳ ಹೊದಿಕೆ ಹಾಳಾಗಬಹುದು. ಕೆಲವು ದಿನ ಬಿಟ್ಟು ಮಾತು, ನುಂಗುವಿಕೆ, ಕೈಕಾಲು ಬಿದ್ದುಹೋಗಬಹುದು. ಅದು ಶಾಶ್ವತವಾಗಿಯೂ ಉಳಿಯಬಹುದು. ಅದಕ್ಕಾಗಿ 24 ಗಂಟೆಯಲ್ಲಿ 8ರಿಂದ 10 ಮಿಲಿಮೋಲ್ ಮೀರದಂತೆ ಏರಿಸುತ್ತೇವೆ, ಗಂಟೆಗಳ ಲೆಕ್ಕದಲ್ಲಿ ಮತ್ತೆ ಮತ್ತೆ ರಕ್ತ ತೆಗೆಯುತ್ತೇವೆ. ಫಿಟ್ಸ್‌ನಂಥ ಗಂಭೀರ ಲಕ್ಷಣ ಇದ್ದರೆ ಮಾತ್ರ ಗಟ್ಟಿ ಸಲೈನ್ ಕೊಟ್ಟು ಮೊದಲ 4-6 ಮಿಲಿಮೋಲನ್ನು ಬೇಗ ಏರಿಸುವುದುಂಟು. ನೀವು ಬರೆದಷ್ಟರ ಮೇಲೆ ಹೇಳುವುದಾದರೆ ಅವರು ನಿಧಾನ ಮಾಡಿದ್ದು ಸರಿಯಾಗಿಯೇ ಇತ್ತು.

ಮುಂದಿನ ಸಲ ಭೇದಿ ಶುರುವಾದ ಹೊತ್ತಿನಿಂದಲೇ ಓಆರ್‌ಎಸ್ ಕೊಡಿ. ಒಂದೊಂದು ಸಲ ಭೇದಿಯಾದ ಮೇಲೂ ಒಂದೆರಡು ಲೋಟ, ಗುಟುಕು ಗುಟುಕಾಗಿ. ಬಾಯಾರಿಕೆಗೆ ನಡುವೆ ನೀರು ಕೊಡಬಹುದು, ಊಟವನ್ನೂ ನಿಲ್ಲಿಸಬೇಡಿ. ವಾಂತಿಯಾಗಿ ಏನೂ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆರೆಂಟು ಗಂಟೆ ಮೂತ್ರವಾಗದಿದ್ದರೆ, ಮಾತು ತಡವರಿಸಿದರೆ ಮನೆಯಲ್ಲಿ ಕಾಯಬೇಡಿ.

ಅದಕ್ಕೂ ಮೊದಲು, ಈ ವಾರವೇ, ಮಾತ್ರೆಗಳನ್ನೆಲ್ಲ ಸ್ಟ್ರಿಪ್ ಸಮೇತ ತೆಗೆದುಕೊಂಡು ನಿಮ್ಮ ವೈದ್ಯರ ಬಳಿ ಹೋಗಿ. ಥಯಾಜೈಡ್ ಇದ್ದರೆ ಬದಲಿಸಬಹುದೇ ಎಂದು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ, ಬಿಪಿ ಏರಿದರೆ ಅದು ಬೇರೆಯೇ ಅಪಾಯ. ಶುಗರ್ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವೆಯೇ ನೋಡಿ. ಇವು ಮೂತ್ರಪಿಂಡದಲ್ಲಿರುವ ಎಸ್‌ಜಿಎಲ್‌ಟಿ2 ಎಂಬ, ಕರುಳಿನ ವಾಹಕದ ಒಡಹುಟ್ಟಿದ ಪ್ರೋಟೀನನ್ನು ತಡೆದು ಸಕ್ಕರೆಯನ್ನು ಮೂತ್ರಕ್ಕೆ ಬಿಡುತ್ತವೆ. ಭೇದಿ-ವಾಂತಿಯ ದಿನಗಳಲ್ಲಿ ನೀರಿನಂಶ ಇನ್ನಷ್ಟು ಇಳಿಸುತ್ತವೆ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ಪದಾರ್ಥ ಏರುವ ಅಪಾಯವೂ ಇದೆ. ಅಂಥ ದಿನಗಳಲ್ಲಿ ಇವನ್ನೂ ಮೆಟ್‌ಫಾರ್ಮಿನ್ನನ್ನೂ ಎಷ್ಟು ದಿನ ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಪರೀಕ್ಷೆ) ಮೂರನ್ನೂ ಅದೇ ದಿನ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.